ಲತಾಮಣಿಯ ಕೆಟ್ಟ ಪ್ರತಿಗಳು

ಜರಗನಹಳ್ಳಿಯ ಬಸ್ ಸ್ಟಾಪಿನ ಹಿಂದೆ ಲತಾಮಣಿಯ ಜೆರಾಕ್ಸ್ ಅಂಗಡಿ. ಹದಿಮೂರು ವರ್ಷದ ಹಳೆಯ ಯಂತ್ರ. ಬಿಸಿಯೇರುವ ತನಕ ಅದು ಎಂಥ ಸುಂದರಾಂಗನನ್ನೂ ಇದ್ದಿಲು ಮಂಡಿಯ ಮಾಲೀಕನಂತೆ ತೋರಿಸುತ್ತಿತ್ತು. ವಿಚಿತ್ರವೆಂದರೆ ಮುಖಕ್ಕೆ ಮಸಿ ಬಳಿದರೂ ನಂಬರು, ವಿಳಾಸ ಮಾತ್ರ ಮುತ್ತಿನಂತೆ ಮೂಡುತ್ತಿದ್ದವು.

"ಅಯ್ಯೋ, ಕಪ್ಪಾಯ್ತು. ಇದಕ್ಕೆ ಕಾಸು ಬೇಡ ಸಾರ್, ಇನ್ನೊಂದು ತೆಗೀತೀನಿ" ಎಂದು ಲತಾಮಣಿ ಆ ಹಾಳೆಯನ್ನು ಕಾಲ ಬಳಿಯ ರಟ್ಟಿನ ಡಬ್ಬಕ್ಕೆ ಬಿಡುವಳು. ಡಬ್ಬ ತುಂಬಿದಾಗ ಅದು ಪಕ್ಕದ ಕಡಲೆಕಾಯಿ ಗಾಡಿಯ ಮುನಿಯಣ್ಣನಿಗೆ. ಅವನು ಅದರಲ್ಲಿ ಪೊಟ್ಟಣ ಕಟ್ಟುವನು; ಪ್ರತಿಗೆ ಪ್ರತಿಯಾಗಿ ದಿನಾ ಸಂಜೆ ಬೇಯಿಸಿದ ಕಡಲೆಕಾಯಿ ಇವಳ ಕೌಂಟರಿಗೆ. ಒಂದು ಹಾಳೆಯನ್ನೂ ದಂಡ ಮಾಡುವವಳಲ್ಲ ಎಂಬ ಹೆಮ್ಮೆ ಬೇರೆ.

ಕಳೆದ ನವೆಂಬರಿನ ಒಂದು ಸಂಜೆ ಅನಂತರಾಮು ಅಂಗಡಿಗೆ ಬಂದರು. ಜೆ.ಪಿ. ನಗರದವರು, ಅಂಚೆ ಇಲಾಖೆಯಿಂದ ನಿವೃತ್ತರು, ಹಳೆಯ ಗಿರಾಕಿ. ಆಧಾರವಿಲ್ಲದೆ ಆರೋಪ ಮಾಡುವ ಮನುಷ್ಯರಲ್ಲ. ಆಧಾರ್ ಕೈಯಲ್ಲೇ ಇತ್ತು, ಸ್ವಲ್ಪ ಉಪ್ಪುಪ್ಪಾಗಿ.

"ಇದೇನಮ್ಮಾ ಲತಾಮಣಿ? ಕಡಲೆಕಾಯಿ ತಿಂತಾ ತಿಂತಾ ತಳಕ್ಕೆ ಬಂದ್ರೆ ನಮ್ಮ ಚೂಡಾಮಣಿ ಕೂತಿದಾಳೆ!"

ಹೌದು, ಅವರ ಹೆಂಡತಿಯೇ. ಪಕ್ಕದಲ್ಲಿ ಹುಟ್ಟಿದ ತಾರೀಕು, ಆಧಾರ್ ನಂಬರು, ಮನೆ ವಿಳಾಸ. ಆಕೆಗೂ ಪೆನ್ಷನ್ ಬರುತ್ತದೆ; ಪೆನ್ಷನ್ ಕಚೇರಿಗೆ ತಾನು ಬದುಕಿದ್ದೇನೆಂದು ಸಾಬೀತು ಮಾಡಲು ಆಕೆ ಮಾಡಿಸಿದ್ದ ಪ್ರತಿ.

"ಮನೇಲಿ ಹೇಳೋ ಹಾಗೂ ಇಲ್ಲ. ಬಿ.ಪಿ. ಅಂತ ನನಗೆ ಕಡಲೆಕಾಯಿ ಬಂದ್ ಮಾಡಿದಾಳೆ. ಇದು ಎಲ್ಲಿ ಸಿಕ್ತು ಅಂದ್ರೆ ಏನ್ ಹೇಳ್ಲಿ?"

ಲತಾಮಣಿ ನಕ್ಕಳು. ಅನಂತರಾಮು ನಗಲಿಲ್ಲ.

"ನಕ್ಕಿದ್ದಾಯ್ತಲ್ಲ, ಈಗ ಕೇಳು. ಇಂಥ ಹಾಳೆ ಇಟ್ಕೊಂಡು ಯಾರೋ ಇವಳ ಹೆಸರಲ್ಲಿ ಸಿಮ್ ತಗೋತಾನೆ. ಆ ಸಿಮ್ಮಲ್ಲಿ ಊರಿಗೆಲ್ಲ ಮೋಸ ಮಾಡ್ತಾನೆ. ಪೊಲೀಸ್ನೋರು ಹುಡುಕ್ಕೊಂಡು ಬರೋದು ಯಾರನ್ನ? ಚೂಡಾಮಣೀನ."

ಲತಾಮಣಿ ನೇರ ಗಾಡಿಯ ಹತ್ತಿರ ಹೋದಳು. "ಮುನಿಯಣ್ಣ, ನಾನು ಕೊಟ್ಟ ಪೇಪರೆಲ್ಲ ಎಲ್ಲಿ?"

"ಇದೊಂದ್ ಹಿಡಿ ಉಳ್ದೈತೆ ಲತಕ್ಕ. ಹದಿನೈದು ದಿನದ ಹಿಂದೆ ಒಬ್ಬ ಹೆಲ್ಮೆಟ್ ಹಾಕ್ಕೊಂಡೋನು ಬಂದು, ಫೋಟೋ ಇರೋವ್ನೆಲ್ಲ ಆರಿಸ್ಕೊಂಡ. ಇನ್ನೂರು ರೂಪಾಯ್ ಕೊಟ್ಟ. ಕಡ್ಲೆಕಾಯ್ ಬೇಡ್ವಾ ಅಂದ್ರೆ ಬೇಡ ಅಂದ. ಆಗ್ಲೇ ನಂಗೆ ಡೌಟು."

"ಡೌಟ್ ಬಂದ್ಮೇಲೂ ಯಾಕೆ ಕೊಟ್ಟೆ?"

"ದುಡ್ಡೂ ಬಂತಲ್ಲಕ್ಕ."

ಡಬ್ಬದಲ್ಲಿ ಯಾರ್ಯಾರ ಕಾರ್ಡಿತ್ತು? ಅವಳಿಗೇ ಗೊತ್ತಿಲ್ಲ. ಅಂದರೆ ಎಲ್ಲರಿಗೂ ಹೇಳಬೇಕು. ಹೇಳಿದರೆ ಅಂಗಡಿ ಉಳಿಯುತ್ತದೆಯೇ? ಎದುರು ಸಾಲಿನಲ್ಲಿ ಮೂರು ತಿಂಗಳ ಹಿಂದಷ್ಟೇ ಹೊಸ ಜೆರಾಕ್ಸ್ ತೆರೆದಿತ್ತು. ಕಲರ್ ಯಂತ್ರ, ಗಾಜಿನ ಬಾಗಿಲು, ಕೂರಲು ಸೋಫಾ.

ಬಿಎಂಟಿಸಿ ಬಸ್ ಓಡಿಸುವ ಗಂಡ ಭೀಮೇಶ್, ಎದುರಿನಿಂದ ಬರುವುದನ್ನು ಮೊದಲೇ ಕಾಣುವ ಮನುಷ್ಯ. "ಯಾರ ಪೇಪರ್ ಹೋಯ್ತು ಅಂತ ಯಾರಿಗೆ ಗೊತ್ತಾಗತ್ತೆ? ಸುಮ್ನಿರು. ಬಾಯ್ಬಿಟ್ರೆ ನಾಳೆಯಿಂದ ಎಲ್ರೂ ಎದುರಂಗಡಿಗೇ."

"ಹೌದು ರೀ."

"ಮತ್ತೆ?"

"ಜನ ಕಾರ್ಡನ್ನ ನನ್ನ ಕೈಲಿಟ್ಟು ಟೀ ಕುಡಿಯೋಕೆ ಹೋಗ್ತಾರೆ. ವಾಪಸ್ ಬಂದು ಸರಿಯಾಗಿದ್ಯಾ ಅಂತ ನೋಡೋದೂ ಇಲ್ಲ. ಬೋರ್ಡ್ ಹಾಕ್ತೀನಿ."

ಮರುದಿನ ದೊಡ್ಡ ಹಾಳೆಯಲ್ಲಿ ಬರೆದು ಅಂಟಿಸಿದಳು. ಅದರ ಮುಂದೆ ಮೊದಲು ನಿಂತವಳು ತಿಮ್ಮಕ್ಕ, ಹಿಂದಿನ ರಸ್ತೆಯ ಪಿ.ಜಿ.ಯಲ್ಲಿ ಅಡುಗೆ ಮಾಡುವವಳು. ಅವಳಿಗೆ ಅಂಕಿ ಬರುತ್ತದೆ, ಅಕ್ಷರ ಬಾರದು.

"ಏನವ್ವ ಲತಾ ಅದು? ವಸಿ ಓದೇಳು."

ಬರೆಯುವಾಗ ಇದನ್ನು ಬಾಯಿಬಿಟ್ಟು ಓದಬೇಕಾದೀತೆಂದು ಲತಾಮಣಿ ಎಣಿಸಿರಲಿಲ್ಲ. ಬಸ್ಸಿಗೆ ಕಾಯುತ್ತಿದ್ದ ಹತ್ತು ಜನರೂ ಇತ್ತ ತಿರುಗಿದರು. ಓದಿದಳು. "ಇಲ್ಲಿ ಆಧಾರ್, ಪ್ಯಾನ್ ಜೆರಾಕ್ಸ್ ಮಾಡಿಸಿದವರೆಲ್ಲ ದಯವಿಟ್ಟು ನನ್ನನ್ನು ಕಾಣಿ. ಕೆಟ್ಟ ಪ್ರತಿಗಳು ಯಾರದೋ ಕೈ ಸೇರಿವೆ. ತಪ್ಪು ನನ್ನದು."

"ಅಯ್ಯೋ ನಿನ್ನ! ನನ್ ಮಕಾನ ಪೊಟ್ಣ ಕಟ್ಟಾಕೆ ಕೊಟ್ಬುಟ್ಯಾ?"

"ಬೈಯಿ ತಿಮ್ಮಕ್ಕ, ಆದ್ರೆ ಕೂತ್ಕೊಂಡು ಬೈಯಿ. ಫೋನ್ ತೆಗಿ."

ಅನಂತರಾಮು ಆಗಲೇ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಒಬ್ಬರ ಹೆಸರಿನಲ್ಲಿ ಎಷ್ಟು ಸಿಮ್ ಇವೆಯೆಂದು ತೋರಿಸುವ ಸರ್ಕಾರದ ಜಾಲತಾಣವನ್ನು ಹುಡುಕಿ ಕೊಟ್ಟವರು ಅವರೇ. ಒಟಿಪಿ ಬಂತು. ತಿಮ್ಮಕ್ಕ ಗಟ್ಟಿಯಾಗಿ ಹೇಳಹೊರಟಳು. ಲತಾಮಣಿ ತಡೆದಳು.

"ಷ್! ನನಗೂ ಹೇಳ್ಬೇಡ. ನೀನೇ ಒತ್ತು."

ಒಂದೊಂದೇ ಅಂಕಿ ಒತ್ತಿದಳು. ಪರದೆಯ ಮೇಲೆ ಮೂರು ನಂಬರು.

"ಒಂದು ನಂದು. ಇನ್ನೆರಡು ಯಾವನ್ದು?"

ಅವೆರಡರ ಮುಂದೆ 'ನನ್ನದಲ್ಲ' ಎಂದು ಗುರುತು ಹಾಕಿಸಿದರು. ಬೆರಳಚ್ಚು ಯಾರೂ ಬಳಸದಂತೆ ಆಧಾರ್ ಆ್ಯಪಿನಲ್ಲಿ ಬೀಗ ಹಾಕಿಸಿದರು. ಕೊನೆಗೆ ಪೊಲೀಸ್ ಸ್ಟೇಷನ್ನಿಗೆ ಅರ್ಜಿ. ಅನಂತರಾಮು ಮುದ್ದಾದ ಅಕ್ಷರದಲ್ಲಿ ಬರೆಯುತ್ತ ಬಂದವರು ಒಂದು ಕಡೆ ಪೆನ್ನು ನಿಲ್ಲಿಸಿದರು.

"ಪ್ರತಿಗಳು ಎಲ್ಲಿಂದ ಹೋದವು ಅಂತ ಬರೀಬೇಕಾಗತ್ತೆ ಲತಾಮಣಿ."

ಎದುರಿನ ಗಾಜಿನ ಬಾಗಿಲು ತೆರೆದು ಮುಚ್ಚಿತು. "ನನ್ನ ಅಂಗಡಿ ಅಂತ್ಲೇ ಬರೀರಿ ಸಾರ್. ನನ್ನ ಹೆಸರು, ಫೋನ್ ನಂಬರೂ ಹಾಕಿ."

ತಿಮ್ಮಕ್ಕ ಅರ್ಜಿ ಹಿಡಿದು ಎದ್ದಳು. "ಇನ್ನು ನಿನ್ನಂಗ್ಡಿ ಮೆಟ್ಲು ತುಳಿಯಾಕಿಲ್ಲ, ತಿಳ್ಕೊ."

ಹತ್ತು ದಿನದಲ್ಲಿ ಅರವತ್ತು ಚಿಲ್ಲರೆ ಜನ ಆ ಸ್ಟೂಲಿನ ಮುಂದೆ ಕೂತೆದ್ದರು. ಹೆಚ್ಚಿನವರಿಗೆ ಏನೂ ಆಗಿರಲಿಲ್ಲ. ತಿಮ್ಮಕ್ಕನಲ್ಲದೆ ಇನ್ನಿಬ್ಬರ ಹೆಸರಿನಲ್ಲಿ ಕಳ್ಳ ಸಿಮ್ ಸಿಕ್ಕವು. ಸ್ಟೇಷನ್ನಿನಿಂದ ಒಬ್ಬರು ಬಂದು ಲತಾಮಣಿಯನ್ನೂ ಮುನಿಯಣ್ಣನನ್ನೂ ವಿಚಾರಿಸಿಕೊಂಡು ಹೋದರು. ಮುನಿಯಣ್ಣ ಈಗ ಹಳೆಯ ದಿನಪತ್ರಿಕೆ ಕೊಳ್ಳುತ್ತಾನೆ. ಲತಾಮಣಿ ಕೆಟ್ಟ ಹಾಳೆಯನ್ನು ಗಿರಾಕಿಯ ಕೈಗೇ ಕೊಡುತ್ತಾಳೆ, ಒಳ್ಳೆಯ ಪ್ರತಿಯ ಮೇಲೆ ಯಾವ ಕೆಲಸಕ್ಕೆಂದು ಅವರಿಂದಲೇ ಬರೆಸುತ್ತಾಳೆ. ಕೊಡಲು, ಬರೆಸಲು ಗಿರಾಕಿಗಳೇ ಕಡಿಮೆ, ಅಷ್ಟೇ. ಭೀಮೇಶ್ "ನಾನು ಹೇಳಿರ್ಲಿಲ್ವಾ" ಎನ್ನಲಿಲ್ಲ. ಎದುರಿನ ಸೋಫಾದತ್ತ ಮಾತ್ರ ಆಗಾಗ ನೋಡುತ್ತಿದ್ದ.

ಮೂರನೆಯ ವಾರ ತಿಮ್ಮಕ್ಕ ಬಂದಳು. ಹಿಂದೆ ಪಿ.ಜಿ.ಯ ನಾಲ್ಕು ಹುಡುಗಿಯರು.

"ಆ ಎಲ್ಡೂ ನಂಬ್ರ ಬಂದ್ ಆಗವಂತೆ, ಮೆಸೇಜ್ ಬಂತು. ಈ ಹುಡ್ಗೀರು ಓದೇಳಿದ್ರು."

"ಒಳ್ಳೇದಾಯ್ತು ತಿಮ್ಮಕ್ಕ."

"ಎದುರಂಗ್ಡೀಗೂ ಹೋಗಿದ್ದೆ. ಕೆಟ್ಟೋದ್ ಹಾಳೆ ಕೊಡಪ್ಪ ಅಂದ್ರೆ 'ಅದನ್ನ ಏನ್ ಮಾಡ್ತಿಯಜ್ಜಿ' ಅಂತ ನಗ್ತಾನೆ. ಕಿತ್ಕೊಂಡು ಬಂದೆ." ಸೆರಗು ಸರಿಪಡಿಸಿಕೊಂಡಳು. "ನಮ್ ಓನರು ಇವ್ರ ಕಾರ್ಡ್ ಕಾಪಿನೆಲ್ಲ ಅಡ್ಗೆಮನೆ ಕಪಾಟಲ್ಲಿ, ಬೇಳೆ ಡಬ್ಬದ್ ಪಕ್ಕ ಮಡಗಿದ್ದ. ನೆನ್ನೆ ಜಗ್ಳ ಆಡಿ ಬೀರುಗೆ ಹಾಕ್ಸಿ ಬೀಗ ಜಡಿಸ್ದೆ. ಈಗ ಇವ್ರ ಬೆಳ್ಳಚ್ಚಿಗೂ ಬೀಗ ಹಾಕ್ಸು."

ಲತಾಮಣಿ ಸ್ಟೂಲುಗಳನ್ನು ಎಳೆದಳು. ತಿಮ್ಮಕ್ಕ ಕೂರಲಿಲ್ಲ, ರೇಷನ್ ಕಾರ್ಡನ್ನು ಕೌಂಟರಿನ ಮೇಲಿಟ್ಟಳು, ಅದರ ಮೇಲೆ ಕೈಯೂರಿದಳು.

"ನಿನ್ ಮ್ಯಾಲೆ ಸಿಟ್ಟು ಇನ್ನೂ ಹೋಗಿಲ್ಲ."

"ಗೊತ್ತು ತಿಮ್ಮಕ್ಕ."

"ಹೂಂ." ಕೈ ತೆಗೆದಳು. "ಎಲ್ಡು ಕಾಪಿ ತೆಗಿ."