ಅತ್ತೆಯ ಕಿವಿ, ನನ್ನ ಬಾಯಿ

ನನ್ನ ಅತ್ತೆಯನ್ನು, ಅಂದರೆ ಹೆಂಡತಿಯ ತಾಯಿಯನ್ನು, ಬೀದಿಯವರೆಲ್ಲ ಟಕಟಕಮ್ಮ ಎನ್ನುತ್ತಾರೆ. ಬೆನ್ನ ಹಿಂದೆ ಮಾತ್ರ. ಎದುರಿಗೆ ಹಾಗೆ ಕರೆಯುವಷ್ಟು ಎದೆಗಾರಿಕೆ ಇಲ್ಲಿ ಯಾರಿಗೂ ಇಲ್ಲ. ಕೈಗೆ ಸಿಕ್ಕಿದ್ದನ್ನೆಲ್ಲ ಬೆರಳ ಗೆಣ್ಣಿನಿಂದ ಬಡಿದು ನೋಡುವುದು ಅವರ ಅಭ್ಯಾಸ. ಮಡಕೆ ಕೊಳ್ಳುವಾಗ ಬಡಿಯುತ್ತಾರೆ, ಕುಂಬಳಕಾಯಿ ಕೊಳ್ಳುವಾಗ ಬಡಿಯುತ್ತಾರೆ. ಮದುವೆಯ ಮಾತಿಗೆಂದು ನಾನು ಮೊದಲ ಸಲ ಅವರ ಮನೆಗೆ ಹೋದಾಗ ನನ್ನ ತಲೆಯನ್ನೂ ಬಡಿದು ನೋಡುತ್ತಾರೇನೋ ಎಂದು ಒಳಗೊಳಗೇ ಹೆದರಿದ್ದೆ. ಬಡಿಯಲಿಲ್ಲ. ಬಡಿದಿದ್ದರೆ ಬಹುಶಃ ಮದುವೆ ಆಗುತ್ತಿರಲಿಲ್ಲ.

ಅತ್ತೆಯದು ಬಟ್ಟೆ ಒಗೆಯುವ ಕಸುಬು. ಹಿತ್ತಲಲ್ಲಿ ಎರಡು ದೊಡ್ಡ ಹಂಡೆಗಳಿವೆ. ಊರಿನ ಲಾಡ್ಜುಗಳ ಚಾದರಗಳೆಲ್ಲ ಅವುಗಳಲ್ಲಿ ಬೇಯುತ್ತವೆ, ತಂತಿಯ ಮೇಲೆ ಒಣಗುತ್ತವೆ, ಆಮೇಲೆ ನನ್ನ ಹೆಂಡತಿಯ ಇಸ್ತ್ರಿಮೇಜಿಗೆ ಬರುತ್ತವೆ. ಹರಿದದ್ದನ್ನು ಹೊಲಿಯುವುದು ನನ್ನ ಕೆಲಸ, ನಾನು ದರ್ಜಿ. ಆದರೆ ಈ ಮನೆ ನಡೆಯುವುದು ಸೂಜಿಯಿಂದಲ್ಲ, ಸೌದೆಯಿಂದ. ಹಂಡೆಗಳ ಹೊಟ್ಟೆ ಎಷ್ಟು ಹಾಕಿದರೂ ತುಂಬುವುದಿಲ್ಲ. ಡಿಪೋದಲ್ಲಿ ಸೌದೆ ಕೊಂಡು ಬಟ್ಟೆ ಒಗೆದವರು ಯಾರೂ ಉದ್ಧಾರವಾಗಿಲ್ಲ.

ನಮ್ಮ ಸೌದೆ ಬರುವುದು ಊರಾಚೆಯ ಗುಡ್ಡದ ಸರ್ಕಾರಿ ಕಾಡಿನಿಂದ. ಎಲೆಯುದುರುವ ಕಾಲದಲ್ಲಿ ಎರಡು ತಿಂಗಳು, ಅರಣ್ಯ ಇಲಾಖೆಯ ಕಾರ್ಡು ಇದ್ದ ಮನೆಯವರು ಮಾತ್ರ ಕಡಿಯಬಹುದು. ಅದೂ ಸತ್ತ ಮರ ಮಾತ್ರ. ಎಲೆ ಉದುರಿದ ಮೇಲೆ ಸತ್ತ ಮರ ಯಾವುದು, ಬದುಕಿರುವುದು ಯಾವುದು ಎಂದು ನೋಡಿ ಹೇಳುವುದು ಕಷ್ಟ. ತೊಗಟೆ ಕೆತ್ತಿ ನೋಡೋಣವೆಂದರೆ ಅದಕ್ಕೂ ಅಪ್ಪಣೆಯಿಲ್ಲ. ಬದುಕಿರುವ ಮರಕ್ಕೆ ಗಾಯ ಮಾಡಿದರೂ ತಪ್ಪು ತಪ್ಪೇ, ಕಾರ್ಡು ಹೋಗುತ್ತದೆ. ಕೆತ್ತುವ ಅಧಿಕಾರ ಕಾಡು ಕಾಯುವ ಗಾರ್ಡಿಗೆ ಮಾತ್ರ. ಹಾಗಾಗಿ ಇಲ್ಲಿಯವರು ಕೊಡಲಿಯ ಹಿಂಬದಿಯಿಂದ ಮರವನ್ನು ಬಡಿದು ಕೇಳುತ್ತಾರೆ. ಸತ್ತ ಮರ ಖಣ್ ಎನ್ನುತ್ತದೆ. ಬದುಕಿರುವ ಮರ ಧಪ್ ಎಂದು ಸುಮ್ಮನಾಗುತ್ತದೆ. ಹೇಳಲು ಇಷ್ಟೇ, ಕೇಳಲು ಕಿವಿ ಬೇಕು. ಅಂಥ ಕಿವಿ ನಮ್ಮ ಅತ್ತೆಯದು. ಮೂವತ್ತು ವರ್ಷದಲ್ಲಿ ಒಂದೇ ಒಂದು ಮರವೂ ತಪ್ಪಿರಲಿಲ್ಲ. ಗಾರ್ಡಿಗೇ ಅನುಮಾನ ಬಂದರೆ ಅವನೇ ಬಂದು "ಸ್ವಲ್ಪ ಕೇಳಿ ಹೇಳಮ್ಮ" ಎನ್ನುತ್ತಿದ್ದ.

ಮದುವೆಯಾದ ಹೊಸದರಲ್ಲಿ ಅತ್ತೆ ನನ್ನನ್ನು "ಬನ್ನಿ, ಕೂತ್ಕೊಳ್ಳಿ" ಎಂದು ಉಪಚರಿಸುತ್ತಿದ್ದರು. ಗುಡ್ಡದಲ್ಲಿ ನನ್ನ ಕೊಡಲಿ ಏಟು ನೋಡಿದ ದಿನವೇ ಬಹುವಚನ ಬಿಟ್ಟುಹೋಯಿತು. "ಲೋ, ಮರ ಕಡೀತಿದ್ದೀಯೋ, ಕಾಜಾ ಹೊಲೀತಿದ್ದೀಯೋ?" ಎಂದರು. ಅಂದಿನಿಂದ ಗರಗಸದ ಇನ್ನೊಂದು ತುದಿ ಹಿಡಿಯುವುದು ಮತ್ತು ಇಳಿಜಾರಿನಲ್ಲಿ ಕೈಗಾಡಿ ಓಡಿಹೋಗದಂತೆ ಹಿಂದಿನಿಂದ ಹಗ್ಗ ಜಗ್ಗುವುದು ನನ್ನ ಪಾಲಿಗೆ ಬಂತು. ಅತ್ತೆ ಮುಂದೆ ಗಾಡಿಯ ಮೂಕಿ ಹಿಡಿದು ಇಳಿಯುತ್ತಾರೆ, ನಾನು ಹಿಂದೆ ಹಿಮ್ಮಡಿ ಊರಿ ಜಗ್ಗುತ್ತೇನೆ. ಆದರೂ ಬಡಿದ ಪ್ರತಿ ಮರಕ್ಕೂ ನನ್ನನ್ನು ಹತ್ತಿರ ಕರೆದು "ಕೇಳು" ಎನ್ನುತ್ತಿದ್ದರು. ಐದು ವರ್ಷ ಕೇಳಿದೆ. ಕೈ ಪಳಗಲಿಲ್ಲ, ಕಿವಿ ಪಳಗಿತು.

ಈ ವರ್ಷ ಮೊದಲ ಗಾಡಿ ಇಳಿಸುವಾಗ ಚಕ್ರದ ಕೀಲು ಸಡಿಲವಾಯಿತು. "ನಿಲ್ಲಿ ಅತ್ತೆ!" ಎಂದು ಮೂರು ಸಲ ಅರಚಿದೆ. ಅವರು ನಿಲ್ಲಲಿಲ್ಲ. ಗಾಳಿ ಜೋರಿದೆ, ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ. ಮನೆಯಲ್ಲಿ ಗಾಳಿ ಇರಲಿಲ್ಲ. ಅಲ್ಲಿಯೂ ಎರಡೆರಡು ಸಲ ಕರೆಯಬೇಕಾಗುತ್ತಿತ್ತು. ನನಗೆ ಗೊತ್ತಾಯಿತು. ಆದರೆ ಟಕಟಕಮ್ಮನ ಮುಂದೆ ನಿಂತು ನಿಮಗೆ ಕಿವಿ ಮಂದವಾಗಿದೆ ಎನ್ನುವ ಅಳಿಯ ಇನ್ನೂ ಹುಟ್ಟಿರಲಿಲ್ಲ. ಹೆಂಡತಿಗೂ ಹೇಳದೆ ಬಾಯಿಗೆ ಬೀಗ ಹಾಕಿಕೊಂಡೆ.

ಒಂದು ವಾರದ ನಂತರ ಮೇಲಿನ ದಿಣ್ಣೆಯಲ್ಲಿ ಒಳ್ಳೆ ದಪ್ಪದ ಮರವೊಂದು ಸಿಕ್ಕಿತು. ಅತ್ತೆ ಬಡಿದರು, ಕಿವಿಯಿಟ್ಟರು. ಇನ್ನೊಮ್ಮೆ ಬಡಿದರು.

"ಸತ್ತಿದೆ. ಗರಗಸ ತಗೋ."

ನನಗೆ ಕೇಳಿಸಿದ್ದು ಧಪ್ ಎಂಬ ಸದ್ದು. ಎರಡು ಸಲವೂ ಅದೇ. ಆದರೂ ಗರಗಸ ತೆಗೆದುಕೊಂಡೆ.

ಅರ್ಧ ಮರ ಕೊಯ್ಯುವಷ್ಟರಲ್ಲಿ ಗರಗಸ ಬಿಗಿಯತೊಡಗಿತು. ಒಣ ಮರದ ಪುಡಿ ಹಿಟ್ಟಿನಂತೆ ಉದುರಬೇಕು. ಇದು ಹಸಿಯಾಗಿ ಹಲ್ಲಿಗೆ ಮೆತ್ತಿಕೊಂಡಿತ್ತು. ಅತ್ತೆ ಕೈ ನಿಲ್ಲಿಸಿದರು. ಚಿಟಿಕೆ ಪುಡಿ ತೆಗೆದು ಮೂಸಿದರು. ಆಮೇಲೆ ನೆಲದ ಮೇಲೆ ಕೂತುಬಿಟ್ಟರು. ಅವರು ಗುಡ್ಡದಲ್ಲಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಿನಗೆ ಕೇಳಿಸ್ತಾ?"

"ಕೇಳಿಸ್ತು ಅತ್ತೆ."

"ಮತ್ತೆ ಯಾಕೋ ಬಾಯಿ ಮುಚ್ಕೊಂಡಿದ್ದೆ?"

"ನೀವೇ ಸತ್ತಿದೆ ಅಂದ್ರಲ್ಲ..."

"ನಾನು ಅಂದ್ರೆ ಸತ್ತುಹೋಗುತ್ತಾ?" ಅವರು ಹಸಿ ಪುಡಿಯನ್ನು ನನ್ನ ಮುಂದೆ ಹಿಡಿದರು. "ಬದುಕಿದ್ದೀನಿ ಅಂತ ಹೇಳೋಕೆ ಮರಕ್ಕೆ ಬಾಯಿಲ್ಲ. ನಿನಗಿತ್ತಲ್ಲೋ."

ನನ್ನ ನಾಚಿಕೆಗೇಡಿತನ ಅಷ್ಟಕ್ಕೇ ನಿಲ್ಲಲಿಲ್ಲ. ಕೊಯ್ದ ಜಾಗಕ್ಕೆ ಮಣ್ಣು ಮೆತ್ತಿ ಕೆಳಗೆ ಬಿದ್ದ ಪುಡಿಗೆ ತರಗೆಲೆ ಮುಚ್ಚಿ ಹೋಗೋಣ ಎಂದೂ ಹೇಳಿದೆ. ಅತ್ತೆ ನನ್ನನ್ನೊಮ್ಮೆ ನೋಡಿ ಸೆರಗು ಕೊಡವಿ ಎದ್ದು, ನೆಟ್ಟಗೆ ಗಾರ್ಡಿನ ಗೇಟಿಗೆ ನಡೆದರು.

ಗಾರ್ಡು ಊಟದ ಡಬ್ಬಿ ತೆಗೆಯುತ್ತಿದ್ದ. ಅತ್ತೆ ಕಾರ್ಡನ್ನು ಅವನ ಮೇಜಿನ ಮೇಲಿಟ್ಟರು.

"ಬದುಕಿರೋ ಮರ ಕೊಯ್ದಿದ್ದೀನಿ. ಮೇಲಿನ ದಿಣ್ಣೆಯಲ್ಲಿ. ಬಂದು ನೋಡು."

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಅತ್ತಿತ್ತ ನೋಡಿದ. "ಯಾರೂ ನೋಡಿಲ್ಲ ತಾನೇ? ಬಿಡಮ್ಮ, ನಾನೂ ನೋಡಿಲ್ಲ."

"ನಾಳೆ ಇನ್ನೊಬ್ಬರು ಹೀಗೇ ಕಡಿದು ಬಂದ್ರೆ ಅವರ ಕಾರ್ಡು ಯಾವ ಮುಖ ಇಟ್ಕೊಂಡು ಕಿತ್ಕೊಳ್ತೀಯ?"

"ಅವರಿಗೆ ಕೇಳಿಸಿಲ್ಲ ಸಾರ್, ನನಗೆ ಕೇಳಿಸಿತ್ತು. ನಾನು ಹೇಳಲಿಲ್ಲ. ತಪ್ಪು ನನ್ನದು" ಎಂದು ನಾನು ನಡುವೆ ಬಾಯಿ ಹಾಕಿದೆ.

"ಈಗ ಬಂತು ನೋಡು ಬಾಯಿ!" ಎಂದರು ಅತ್ತೆ. "ಕಾರ್ಡಿನಲ್ಲಿರೋದು ನನ್ನ ಹೆಸರು. ಸುಮ್ನಿರು."

ಗಾರ್ಡು ಕಾರ್ಡಿನ ಮೇಲೆ ಅಡ್ಡಗೆರೆ ಎಳೆದ. ಮೂರು ವರ್ಷ ಅತ್ತೆಯ ಹೆಸರಿನಲ್ಲಿ ಸೌದೆಯಿಲ್ಲ. ಮನೆಯ ಇನ್ನೊಬ್ಬರು ಕಾರ್ಡು ಕೇಳಬಹುದು, ಆದರೆ ಗಾರ್ಡಿನ ಎದುರು ಐದು ಮರ ಬಡಿದು ಐದನ್ನೂ ಸರಿಯಾಗಿ ಹೇಳಬೇಕು. ಒಂದು ತಪ್ಪಿದರೂ ಮುಂದಿನ ವರ್ಷದವರೆಗೆ ಬಾಗಿಲು ಬಂದ್. ಅಂದರೆ ಈ ಎರಡು ತಿಂಗಳ ಸೌದೆ ಇಲ್ಲ, ಹಂಡೆ ತಣ್ಣಗೆ.

"ಇವನು ಹೇಳ್ತಾನೆ. ನಾಳೆ ಬೆಳಿಗ್ಗೆ ಬರ್ತೀವಿ" ಎಂದರು ಅತ್ತೆ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಬೆಳಿಗ್ಗೆ ಮೊದಲ ನಾಲ್ಕು ಮರ ಸಲೀಸಾಗಿ ಹೋದವು. ಮೂರು ಸತ್ತಿದ್ದವು, ಒಂದು ಬದುಕಿತ್ತು. ಐದನೆಯದು ಸೊಟ್ಟ ಮರ, ತುದಿಯ ಕೊಂಬೆಗಳು ಮುರಿದು ಬಿದ್ದಿದ್ದವು, ತೊಗಟೆ ಅಲ್ಲಲ್ಲಿ ಕಿತ್ತಿತ್ತು. ನೋಡಿದರೆ ಹೆಣವೇ. ಬಡಿದೆ. ಮೇಲ್ಗಡೆ ಖಣ್ ಎಂದಿತು. ಬುಡದಲ್ಲಿ ಬಡಿದೆ. ಧಪ್.

ಅಭ್ಯಾಸಬಲದಿಂದ ಅತ್ತೆಯ ಮುಖ ನೋಡಲು ತಿರುಗಿದೆ. ಅವರು ದೂರದಲ್ಲಿ ನನಗೆ ಬೆನ್ನು ಹಾಕಿ ನಿಂತಿದ್ದರು. ಬೇಕೆಂದೇ ಹಾಗೆ ನಿಂತಿದ್ದರು. ನನಗೆ ಅಳು ಬರುವಂತಾಯಿತು, ಸಿಟ್ಟೂ ಬಂತು. ಇನ್ನೊಮ್ಮೆ ಬುಡಕ್ಕೆ ಬಡಿದು ಕಿವಿಯಿಟ್ಟೆ.

"ಬದುಕಿದೆ" ಎಂದೆ.

"ಸರಿಯಾಗಿ ನೋಡಪ್ಪ. ಇದು ಸತ್ತಿದೆ ಅಂತ ನಾನೇ ಅಂದ್ಕೊಂಡಿದ್ದೆ" ಎಂದ ಗಾರ್ಡು.

"ಬದುಕಿದೆ ಸಾರ್. ಕೆತ್ತಿ ನೋಡಿ."

ಅವನು ಬುಡದ ಹತ್ತಿರ ಚಾಕುವಿನಿಂದ ಉಗುರಗಲ ಕೆತ್ತಿದ. ಒಳಗೆ ಹಸಿರು.

ನಾನು ಖುಷಿಯಿಂದ ಕೂಗಿದ್ದು ಅತ್ತೆಗೆ ಕೇಳಿಸಲಿಲ್ಲ. ಹತ್ತಿರ ಹೋಗಿ ಭುಜ ಮುಟ್ಟಿ, ಕೆತ್ತಿದ ಜಾಗ ತೋರಿಸಿದೆ. ಅವರು ಬಗ್ಗಿ ನೋಡಿದರು, ಹೆಬ್ಬೆರಳಿನಿಂದ ಒಮ್ಮೆ ಒತ್ತಿದರು.

"ಕಾರ್ಡು ಬೇಗ ಬರೆದುಕೊಡಪ್ಪ, ಹೊತ್ತಾಯ್ತು" ಎಂದರು ಗಾರ್ಡಿಗೆ.

ಕಾರ್ಡು ಜೇಬಿಗೆ ಹಾಕಿಕೊಂಡು ಕೊಡಲಿಗೆ ಕೈ ಚಾಚಿದೆ. ಅತ್ತೆ ಅದನ್ನು ಹಿಂದಕ್ಕೆ ಎಳೆದುಕೊಂಡರು.

"ಕೇಳೋದು ನೀನು. ಕಡಿಯೋದು ನಾನು. ನೀನು ಕಡಿಯೋಕೆ ಕೂತ್ರೆ ಹಂಡೆ ಕಾಯೋದು ಬರೋ ವರ್ಷ."

ಮರ ಬಡಿಯಲು ಮಾತ್ರ ಕೊಡಲಿಯನ್ನು ನನ್ನ ಕೈಗೆ ಕೊಟ್ಟರು. ಹೊಸ ಕಾರ್ಡಿನ ಮೊದಲ ಮರವನ್ನು ನಾನು ಮೇಲೆ, ಕೆಳಗೆ, ಸುತ್ತಲೂ ಬಡಿದೆ. ಬೇಕಾದ್ದಕ್ಕಿಂತ ಹೆಚ್ಚೇ ಹೊತ್ತು ತೆಗೆದುಕೊಂಡೆ. ಅತ್ತೆ ಪಕ್ಕದಲ್ಲಿ ನಿಂತು ಕಾದರು. ಜೀವಮಾನದಲ್ಲಿ ಯಾರ ಮಾತಿಗೂ ಕಾಯದವರು ನನ್ನ ತುಟಿಯನ್ನೇ ನೋಡುತ್ತ ನಿಂತಿದ್ದರು.

"ಸತ್ತಿದೆ ಅತ್ತೆ" ಎಂದು ಕೊಡಲಿಯನ್ನು ಅವರ ಕೈಗಿತ್ತೆ.

ಅವರು ಮರವನ್ನು ಮತ್ತೆ ಬಡಿದು ನೋಡಲಿಲ್ಲ. ಕೊಡಲಿ ಎತ್ತಿ ಬೀಸಿದರು.