ಹುಟ್ಟಿದ ತಾರೀಖು ತೆಗೆದುಕೊಳ್ಳದ ಫಾರ್ಮ್

ಹೋದ ವಾರ ಆಫೀಸಿನ ಕಪಾಟು ಖಾಲಿ ಮಾಡುವಾಗ ಗೆರೆ ಹಾಕಿದ ಹಾಳೆಯೊಂದು ಸಿಕ್ಕಿತು. ನೀಲಿ ಇಂಕಿನ ದುಂಡಗಿನ ಅಕ್ಷರ: ‘ಫೋಟೊ ಕಾಣಂಗಿಲ್ಲ. ಬಟನ್ ಕೆಳಗ ಹೋಗ್ಯದ.’ ನಾನು ಮಾಡಿದ ಯಾವುದೋ ವೆಬ್ ಪುಟ ನೋಡಿ ಸೆಂಟರಿನ ಕಾಕಾ ಬರೆದು ಕಳಿಸಿದ್ದು...

ವಾಡಿ ಸ್ಟೇಷನ್ ಹತ್ತಿರ ಜನರ ಅರ್ಜಿ ತುಂಬಿಕೊಡುವ ಅವರದೊಂದು ಆನ್‌ಲೈನ್ ಸೆಂಟರ್ ಇತ್ತು. ಇದ್ದದ್ದು ಒಂದೇ ಹಳೆಯ ಕಂಪ್ಯೂಟರ್. ಪಿಯುಸಿ ಓದುವಾಗ ನಾನು ಟೈಪಿಂಗ್ ಕಲಿತದ್ದು ಅದರಲ್ಲೇ. ಮುಂದೆ ಕಲಬುರಗಿಯಲ್ಲಿ ವೆಬ್‌ಸೈಟ್ ಮಾಡುವ ಕೆಲಸಕ್ಕೆ ಸೇರಿದೆ. ಸೇಡಂನ ಒಂದು ನರ್ಸಿಂಗ್ ಕಾಲೇಜಿನ ಪ್ರವೇಶದ ಫಾರ್ಮ್ ಮಾಡಿದಾಗ, ತಾರೀಖು ಆರಿಸಲು ಕ್ಯಾಲೆಂಡರ್ ತಾನಾಗಿಯೇ ತೆರೆದುಕೊಳ್ಳುವ ಹೊಸ ಸೌಲಭ್ಯ ಬಳಸಿದ್ದೆ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿ ನಡೆಯಿತು. ಬೇರೆ ಯಾವ ಕಂಪ್ಯೂಟರಿನಲ್ಲೂ ತೆರೆದು ನೋಡಲಿಲ್ಲ.

ಅರ್ಜಿಯ ಕೊನೆಯ ದಿನ ಮಧ್ಯಾಹ್ನ ಕಾಕಾ ಫೋನ್ ಮಾಡಿದರು.

“ತಂಗಿ, ರಾವೂರಿಂದ ಒಂದು ಹುಡುಗಿ ಬಂದಾಳ. ನಿನ್ನ ಫಾರ್ಮು ಹುಟ್ಟಿದ ತಾರೀಖ ತಗೊಳ್ಳಲಿಕತ್ತಿಲ್ಲ. ಕ್ಯಾಲೆಂಡರೇ ಬರವಲ್ದು.”

“ನಿಮ್ಮ ಬ್ರೌಸರ್ ಭಾಳ ಹಳೇದ್ರಿ ಕಾಕಾ. ಹೊಸಾದು ಹಾಕ್ಕೊಳ್ರಿ.”

“ಈ ಮಶೀನಿಗಿ ಹೊಸಾದು ಕೂಡಂಗಿಲ್ಲವ್ವಾ. ತಾರೀಖ ಹ್ಯಾಂಗ ಬರೀಬೇಕು, ಅಷ್ಟು ಹೇಳು.”

“ಮೀಟಿಂಗ್‌ನಾಗ ಇದ್ದೀನ್ರಿ, ಆಮ್ಯಾಲೆ ಮಾತಾಡ್ತೀನಿ.”

ಫೋನ್ ಇಟ್ಟೆ. ಆಮೇಲೆ ಮಾತಾಡಲಿಲ್ಲ.

ಭಾನುವಾರ ವಾಡಿಗೆ ಹೋದಾಗಲೇ ಉಳಿದದ್ದು ತಿಳಿಯಿತು. ಕಾಕಾ ಅಂಗಡಿಗೆ ಬೀಗ ಹಾಕಿ, ಆ ಹುಡುಗಿಯನ್ನು ಟಂಟಂ ಆಟೊದಲ್ಲಿ ಕೂರಿಸಿಕೊಂಡು ಚಿತ್ತಾಪುರದ ಇನ್ನೊಂದು ಸೆಂಟರಿಗೆ ಹೋಗಿದ್ದರು. ಅವರು ಮುಟ್ಟುವ ಹೊತ್ತಿಗೆ ಐದು ದಾಟಿ ಅರ್ಜಿ ಮುಚ್ಚಿತ್ತು.

“ಅಕಿಂದು ಒಂದು ವರ್ಷ ಹೋಯ್ತು ನೋಡು,” ಎಂದರು. ಬೈಯಲಿಲ್ಲ.

ನಾನು ಅವರ ಕುರ್ಚಿಯಲ್ಲಿ ಕುಳಿತು ಅದೇ ಫಾರ್ಮಿನ, ಪರೀಕ್ಷಿಸಿ ನೋಡಲು ಇಟ್ಟುಕೊಂಡಿದ್ದ ಪ್ರತಿ ತೆರೆದೆ. ಕ್ಯಾಲೆಂಡರ್ ಬರಬೇಕಾದಲ್ಲಿ ಬರೀ ಖಾಲಿ ಚೌಕ. ನಾವು ಬರೆಯುವುದಕ್ಕೆ ತಿರುವುಮುರುವಾಗಿ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ ಟೈಪ್ ಮಾಡಿದೆ. ತೆಗೆದುಕೊಂಡಿತು.

ಹಿಂದೆ ನಿಂತಿದ್ದ ಕಾಕಾ ಬಗ್ಗಿ ಪರದೆ ನೋಡಿದರು.

“ಇಷ್ಟೇ ಇತ್ತೇನು?”

ಸರಿ ಮಾಡುತ್ತೇನೆ ಎಂದೆ, ತಪ್ಪಾಯಿತು ಎನ್ನಲಿಲ್ಲ. ಮರುದಿನ ದಿನ, ತಿಂಗಳು, ವರ್ಷಕ್ಕೆ ಮೂರು ಬೇರೆ ಚೌಕ ಮಾಡಿದೆ. ಅಲ್ಲಿಂದ ಮುಂದೆ ನನ್ನ ಪ್ರತಿಯೊಂದು ಪುಟವನ್ನೂ ಕಾಕಾ ತಮ್ಮ ಮಶೀನಿನಲ್ಲಿ ತೆರೆದು ನೋಡಿ, ಕೆಟ್ಟದ್ದನ್ನೆಲ್ಲ ಹಾಳೆಯ ಮೇಲೆ ಬರೆದು ಕಳಿಸುತ್ತಿದ್ದರು. ಮರುವರ್ಷ ಆ ಹುಡುಗಿಯ ಅರ್ಜಿಯನ್ನು ತಾವೇ ತುಂಬಿ ಕಳಿಸಿ, “ಹೋಯ್ತವ್ವಾ, ಹೋಯ್ತು!” ಎಂದು ಫೋನಿನಲ್ಲೇ ಕೂಗಿದ್ದರು.

ಕಾಕಾ ತೀರಿಕೊಂಡು ಕೆಲವು ವರ್ಷಗಳಾದವು. ಸೆಂಟರ್ ಮುಚ್ಚಿತು...

ನಿನ್ನೆ ಆಫೀಸಿನಲ್ಲಿ ಮತ್ತೆ ಅದೇ ಮಾತು ಬಂತು. ಹೊಸ ಪದ್ಧತಿಗೆ ಹೋಗೋಣ, ಹಳೆಯ ಬ್ರೌಸರ್‌ಗಳನ್ನು ಬಿಟ್ಟುಬಿಡೋಣ, ಯಾರೂ ದೂರು ಕೊಟ್ಟಿಲ್ಲವಲ್ಲ ಎಂದರು ಜೊತೆಯವರು. ಎಷ್ಟು ಸಲ ಅಂತ ವಾದಿಸುವುದು? ದಣಿದಿದ್ದೆ, ಹೂಂ ಅಂದೆ. ಯಾರ ಮಶೀನಿನಲ್ಲಿ ಪುಟ ತೆರೆಯುವುದಿಲ್ಲವೋ ಅವರಿಗೆ ದೂರು ಹೇಳಲು ನನ್ನ ನಂಬರ್ ಗೊತ್ತಿಲ್ಲ. ಗೊತ್ತಿದ್ದ ಒಬ್ಬರು ಈಗಿಲ್ಲ.