ಇಪ್ಪತ್ನಾಲ್ಕು ಅಂಗುಲ

ಸಂಕಪ್ಪ ಬಡಿಗೇರರ ಹತ್ತಿರ ಎರಡು ಅಳತೆಕೋಲುಗಳಿದ್ದವು. ಒಂದು ಪುಣೆಯ ಪೇಟೆಯಲ್ಲಿ ಕೊಂಡ, ಇಂಚಿನ ಗೆರೆಗಳಿದ್ದ ಮಡಿಸುವ ಕೋಲು. ಇನ್ನೊಂದು ಅವರ ತಂದೆಯದು, ಬೀಟೆ ಮರದ್ದು, ಒಂದು ಮೊಳ ಉದ್ದ. ಅದರ ಮೇಲೆ ಇಪ್ಪತ್ನಾಲ್ಕು ಗೀರು, ಒಂದೊಂದು ಗೀರಿಗೆ ಒಂದು ಅಂಗುಲ. ಅದನ್ನು ಮುಟ್ಟುವ ಮೊದಲು ಅವರು ಕೈ ತೊಳೆದುಕೊಳ್ಳುತ್ತಿದ್ದರು.

“ಮಂದಿ ಕೆಲಸಕ್ಕ ಇಂಚು, ದೇವರ ಕೆಲಸಕ್ಕ ಅಂಗಲ,” ಎನ್ನುತ್ತಿದ್ದರು.

ಅವರು ಗೋಕಾಕದ ಕಡೆಯವರು. ಊರಲ್ಲಿ ಪಲ್ಲಕ್ಕಿ, ಮಂಟಪ, ಗುಡಿಯ ಬಾಗಿಲು ಮಾಡಿದ ಮನೆತನ. ೧೯೧೨ರ ಸುಮಾರಿಗೆ ಹೆಂಡತಿ ಕಾಶವ್ವನೊಂದಿಗೆ ಪುಣೆಗೆ ಬಂದು, ಸದಾಶಿವ ಪೇಠದ ನಮ್ಮ ವಾಡೆಯ ಹಿಂದಿನ ಎರಡು ಕೋಣೆಗಳಲ್ಲಿ ಬಿಡಾರ ಹೂಡಿದರು. ಮುಂದಿನ ಭಾಗದಲ್ಲಿ ನಾವು. ನನ್ನ ಯಜಮಾನರು ರೈಲ್ವೆ ಕಚೇರಿಯಲ್ಲಿ ಗುಮಾಸ್ತರು. ಸಂಕಪ್ಪಣ್ಣನಿಗೆ ಇಲ್ಲಿ ಸಿಕ್ಕದ್ದು ಕಪಾಟು, ಕಿಟಕಿ, ಅಂಗಡಿಯ ಹಲಗೆಗಳ ಕೆಲಸ. ಐದು ವರ್ಷ ಬೀಟೆಯ ಕೋಲು ಗೂಡಿನಲ್ಲೇ ಇತ್ತು.

ನಾನು ಶಾಲೆಗೆ ಹೋದವಳಲ್ಲ. ತಮ್ಮನ ಪುಸ್ತಕಗಳಿಂದ ಕನ್ನಡ ಕಲಿತೆ, ಯಜಮಾನರು ತಂದಿಡುತ್ತಿದ್ದ ಹಳೆಯ ಕಾಗದಗಳಿಂದ ಒಂದಿಷ್ಟು ಇಂಗ್ಲಿಷು. ನಮ್ಮ ಕಡೆಯ ಹೆಂಗಸರೆಲ್ಲ ಪತ್ರ ಓದಿಸಲು ನನ್ನಲ್ಲಿಗೆ ಬರುತ್ತಿದ್ದರು. “ಉಮಾವತಿಬಾಯಾರು ಓದಿದ್ರಂದ್ರ ಮುಗೀತು,” ಅನ್ನುತ್ತಿದ್ದರು. ಹಾಗೆನ್ನಬೇಡಿರಿ ಎಂದು ಬಾಯಲ್ಲಿ ಹೇಳಿ, ಒಳಗೊಳಗೇ ಹಿಗ್ಗುತ್ತಿದ್ದೆ.

೧೯೧೭ರ ಶ್ರಾವಣದಲ್ಲಿ ಬೆಲ್ಲದ ವ್ಯಾಪಾರಿ ಕಾಂತಪ್ಪನವರು ತಮ್ಮ ಅಂಗಡಿಯ ಮಾಳಿಗೆಯ ಮೇಲೆ ಬನಶಂಕರಿಯನ್ನು ಕೂಡಿಸಬೇಕೆಂದು ನಿಶ್ಚಯಿಸಿದರು. ಪುಣೆಯಲ್ಲಿದ್ದ ನಮ್ಮ ಕಡೆಯವರೆಲ್ಲ ಸೇರಲು ಅದೊಂದು ಜಾಗವಾಗುತ್ತಿತ್ತು. ವಿಗ್ರಹ ಬಾದಾಮಿಯಲ್ಲಿ ಸಿದ್ಧವಾಗುತ್ತಿತ್ತು. ಸಾಗವಾನಿಯ ಮಂಟಪ ಮಾಡುವ ಕೆಲಸ ಸಂಕಪ್ಪಣ್ಣನಿಗೆ ಬಂತು.

“ಇದೊಂದ ಚಲೋ ಆತಂದ್ರ, ಅಕ್ಕಾರ, ನಾ ಮತ್ತ ದೇವರ ಕೆಲಸದಾಂವ ಆಕ್ಕೇನಿ. ಇಲ್ಲಾಂದ್ರ ಸಾಯೂತನಾ ಕಪಾಟ,” ಎಂದು ಕಾಗದವೊಂದನ್ನು ನನ್ನ ಮುಂದೆ ಇಟ್ಟರು. ರಘುರಾಮ ಎಂಬ ಓವರ್‌ಸಿಯರರು ಮಂಟಪದ ಅಳತೆಗಳನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟು, ಆ ವಾರವೇ ಖಾನದೇಶಕ್ಕೆ ವರ್ಗವಾಗಿ ಹೋಗಿದ್ದರು. ಸಂಕಪ್ಪಣ್ಣನಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ನಾನು ಓದಬೇಕು, ಅವರು ಹಲಗೆಯ ಮೇಲೆ ಗುರುತು ಹಾಕಬೇಕು.

“ಬಾಗಲಾ ಎತ್ತರ ಎಷ್ಟ ಬರದಾರ್ರಿ?”

“ಇಪ್ಪತ್ನಾಕು ಅಂಗುಲ.”

ಅವರ ಕೈ ನಿಂತಿತು. “ಅಂಗಲ ಏನ್ರಿ ಅಕ್ಕಾರ, ಇಂಚ ಏನ್ರಿ? ಓವರ್‌ಸಿಯರ್ ಸಾಹೇಬ್ರು ಇಂಚಿನ ಮಂದಿ.”

ಕಾಗದದಲ್ಲಿದ್ದದ್ದು ಇಂಚು. ಆದರೆ ತಮ್ಮನ ಗಣಿತದ ಪುಸ್ತಕದಲ್ಲಿ ನಾನು ಬಾಯಿಪಾಠ ಮಾಡಿದ್ದು ‘ಹನ್ನೆರಡು ಅಂಗುಲಕ್ಕೆ ಒಂದು ಅಡಿ’ ಎಂದು. ಇಂಚು ಪೇಟೆಯ ಮಾತು, ಅಂಗುಲ ಅದರ ಶುದ್ಧ ಕನ್ನಡ ಎಂದೇ ನನ್ನ ತಿಳಿವಳಿಕೆ. ಬಡಿಗರ ಅಂಗುಲವೇ ಬೇರೆ, ಅದು ಇಂಚಿನ ಮುಕ್ಕಾಲು ಮಾತ್ರ ಎಂಬುದು ನನಗೆ ಗೊತ್ತಿರಲಿಲ್ಲ. ಅದನ್ನು ಕೇಳಿ ತಿಳಿದುಕೊಳ್ಳಬಹುದಿತ್ತು. ಆದರೆ ಅವರು ನನ್ನ ಓದಿನ ಮೇಲೆ ಅನುಮಾನ ಪಟ್ಟರೆಂದು ಮನಸ್ಸಿಗೆ ಚುಚ್ಚಿತು.

“ಅಂಗುಲನ ಅದ. ನನಗ ಓದಲಿಕ್ಕೆ ಬರೂದಿಲ್ಲೇನು?” ಎಂದೆ.

ಅವರ ಮುಖ ಅರಳಿತು. “ಇಪ್ಪತ್ನಾಕ ಅಂಗಲ ಅಂದ್ರ ಸರೀ ಒಂದ ಮೊಳ! ಸಾಹೇಬ್ರಿಗೆ ಶಾಸ್ತ್ರ ಗೊತ್ತೈತಿ ನೋಡ್ರಿ,” ಎಂದು ಎದ್ದು ಹೋಗಿ ಕೈ ತೊಳೆದುಕೊಂಡು ಬೀಟೆಯ ಕೋಲನ್ನು ತಂದರು.

ಬಾಗಿಲಲ್ಲಿ ನಿಂತಿದ್ದ ಕಾಶವ್ವ, “ನನ್ನ ಮದಿವ್ಯಾಗೂ ಇಷ್ಟ ನಕ್ಕಿರಲಿಲ್ಲರಿ ಇವ್ರು,” ಎಂದಳು.

ಎರಡು ತಿಂಗಳು ಕೆಲಸ ನಡೆಯಿತು. ಕಂಬಗಳ ಮೇಲೆ ಬಳ್ಳಿ, ಬಳ್ಳಿಯಲ್ಲಿ ಗಿಳಿ, ಮೇಲೆ ಕಮಲ. ನೋಡಲು ಬಂದವರೆಲ್ಲ ಹೊಗಳಿದರು. ವಿಗ್ರಹವನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಮಂಟಪ ಚಿಕ್ಕದೆಂದು ಯಾರಿಗೂ ತೋಚಲಿಲ್ಲ. ವಿಗ್ರಹ ರೈಲಿನಲ್ಲಿ ಬಂದು ತಲುಪಿದ್ದು ಅಮಾವಾಸ್ಯೆಯ ದಿನ, ಹುಲ್ಲಿನಲ್ಲಿ ಸುತ್ತಿಕೊಂಡು.

ಮರುದಿನ ನವರಾತ್ರಿಯ ಪಾಡ್ಯ, ಬೆಳಗಿನ ಮುಹೂರ್ತ. ಮಾಳಿಗೆ ತುಂಬ ಜನ. ಇಬ್ಬರು ದೇವಿಯನ್ನು ಎತ್ತಿ ಒಳಗೆ ಸರಿಸಿದರು. ಕಿರೀಟ ಮೇಲಿನ ಪಟ್ಟಿಗೆ ಟಕ್ಕೆಂದು ತಾಗಿತು. ಓರೆ ಮಾಡಿ ನೋಡಿದರು, ಮತ್ತೆ ತಾಗಿತು. ಮಂತ್ರ ನಿಂತಿತು.

“ಏನೋ ಸಂಕಪ್ಪಾ, ದೇವಿ ತಲಿ ಬಗ್ಗಿಸಿ ಒಳಗ ಬರಬೇಕೇನು?” ಎಂದರು ಯಾರೋ. ನಗು ಎದ್ದಿತು. ಇನ್ನೊಬ್ಬರು, “ಉಳದ ಸಾಗವಾನಿ ಯಾರ ಮನೀ ಸೇರೇತಿ ನೋಡ್ರಪಾ,” ಎಂದರು.

ಅಂಗಡಿಯಿಂದ ಇಂಚಿನ ಕೋಲು ತರಿಸಿ ಹಿಡಿದರು. ದೇವಿ ಇಪ್ಪತ್ತೊಂದು ಇಂಚು. ಬಾಗಿಲು ಹದಿನೆಂಟು. ಸಂಕಪ್ಪಣ್ಣ ತಮ್ಮ ಕೋಲನ್ನು ಅದರ ಪಕ್ಕಕ್ಕೆ ಹಿಡಿದು ಒಂದು ಗಳಿಗೆ ನೋಡಿದರು. ಅವರಿಗೆ ತಿಳಿಯಿತು. ನನಗೂ ಆಗಲೇ ತಿಳಿಯಿತು.

ಕಾಂತಪ್ಪನವರು ಕೇಳಿದರು. “ನಿನಗ ಓದಾಕ ಬರಂಗಿಲ್ಲ. ಆ ಕಾಗದಾ ಯಾರ ಓದಿ ಹೇಳಿದ್ರು?”

ನಾನು ಐದು ಹೆಜ್ಜೆ ದೂರದಲ್ಲಿ, ಹೆಂಗಸರ ಸಾಲಿನಲ್ಲಿ, ಆರತಿಯ ತಟ್ಟೆ ಹಿಡಿದು ನಿಂತಿದ್ದೆ. ಸಂಕಪ್ಪಣ್ಣ ನಮ್ಮ ಕಡೆ ತಿರುಗಲಿಲ್ಲ. ಸ್ವಲ್ಪ ಹೊತ್ತು ನೆಲವನ್ನೇ ನೋಡುತ್ತ ನಿಂತರು. ಆಮೇಲೆ, “ಯಾರ ಮ್ಯಾಲ ಯಾಕ ಹಾಕ್ಲಿರಿ ಧಣ್ಯಾರ. ಕೋಲ ಹಿಡದಾಂವ ನಾನ,” ಎಂದರು.

‘ನಾನು ಓದಿದೆ’ ಎನ್ನಲು ಎರಡೇ ಮಾತು ಸಾಕಿತ್ತು. ಪಕ್ಕದಲ್ಲಿ ನನ್ನ ಯಜಮಾನರ ಮೇಲಧಿಕಾರಿಯ ಹೆಂಡತಿ ಗೋದಾಬಾಯಿ ಇದ್ದರು. ನನ್ನಿಂದ ಪತ್ರ ಓದಿಸಿಕೊಂಡವರೆಲ್ಲ ಇದ್ದರು. ನಾನು ತಟ್ಟೆಯ ಬತ್ತಿಯನ್ನು ಸರಿಮಾಡಿದೆ. ಅದು ಸರಿಯಾಗಿಯೇ ಇತ್ತು.

ದೇವಿಯನ್ನು ಮಣೆಯ ಮೇಲೆ ಕೂಡಿಸಿ ಪೂಜೆ ಮುಗಿಸಿದರು. ಒಂಬತ್ತು ದಿನವೂ ಹೋದೆ. ದೇವಿಯ ಮುಖ ನೋಡುವ ಧೈರ್ಯವಾಗದೆ ಪಾದ ನೋಡಿ ಬಂದೆ. ದೀಪಾವಳಿಯ ಹೊತ್ತಿಗೆ ಬೇರೊಬ್ಬರಿಂದ ಹೊಸ ಮಂಟಪ ಬಂತು. ಚಿಕ್ಕದನ್ನು ಕಾಂತಪ್ಪನವರು ತಮ್ಮ ದೇವರಕೋಣೆಗೆ ಒಯ್ದರು. ಸಂಕಪ್ಪಣ್ಣ ಖಡಕಿಯ ಮದ್ದುಗುಂಡಿನ ಕಾರಖಾನೆಯಲ್ಲಿ ಪೆಟ್ಟಿಗೆ ಮಾಡುವ ಕೆಲಸಕ್ಕೆ ಸೇರಿದರು. ಆಗ ಯುದ್ಧದ ಕಾಲ, ಪೆಟ್ಟಿಗೆ ಎಷ್ಟಿದ್ದರೂ ಸಾಲದು.

ಕಾರ್ತಿಕದ ಏಕಾದಶಿಯಂದು ಭಜನೆ ಮುಗಿದ ಮೇಲೆ ಎದ್ದು ನಿಂತೆ. ಕಾಗದ ಓದಿದವಳು ನಾನು, ಇಂಚನ್ನು ಅಂಗುಲವೆಂದವಳು ನಾನು, ಸಂಕಪ್ಪನವರದೇನೂ ತಪ್ಪಿಲ್ಲ ಎಂದು ಎಲ್ಲರೆದುರು ಹೇಳಿದೆ.

ಕಾಂತಪ್ಪನವರು ಕೈ ಮುಗಿದರು. “ಎಂಥಾ ಮನಸ್ಸರಿ ತಾಯಿ! ಬಡಿಗ್ಯಾನ ತಪ್ಪ ತಮ್ಮ ಮ್ಯಾಲ ಹಾಕ್ಕೊಂತೀರಿ.”

“ನಮ್ಮ ಉಮಾವತಿ ತಪ್ಪು ಓದೂದು ಅಂದ್ರೇನು! ಭಾಳ ಮೃದು ಅಕಿ,” ಎಂದರು ಗೋದಾಬಾಯಿ.

ಇಲ್ಲರಿ, ಖರೇನ ಹೇಳ್ತೀನಿ ಎಂದು ಮತ್ತೊಮ್ಮೆ ಅಂದೆ. ಅವರು ಇನ್ನಷ್ಟು ಮೆಚ್ಚಿದರು. ಆ ದಿನದ ಮೊದಲ ಪ್ರಸಾದವನ್ನು ನನ್ನ ಕೈಗೆ ಹಾಕಿದರು. ನಾನು ತೆಗೆದುಕೊಂಡೆ. ತೆಗೆದುಕೊಂಡದ್ದು ಸುಮ್ಮನಿದ್ದದ್ದಕ್ಕಿಂತ ನಾಚಿಕೆಯದೆಂದು ಮನೆಗೆ ಬರುವಾಗ ಅನಿಸಿತು.

ಆ ರವಿವಾರ ಹಿಂದಿನ ಕೋಣೆಗೆ ಹೋದೆ. ಸಂಕಪ್ಪಣ್ಣ ಉಳಿಗೆ ಸಾಣೆ ಹಿಡಿಯುತ್ತಿದ್ದರು. ಎಲ್ಲವನ್ನೂ ಹೇಳಿ, ತಪ್ಪಾಯಿತು ಎಂದೆ. ಅವರು ಸಾಣೆ ನಿಲ್ಲಿಸಿದರು.

“ತಪ್ಪ ಓದಿದ್ದಕ್ಕ ನನಗ ಸಿಟ್ಟಿಲ್ಲರಿ ಅಕ್ಕಾರ. ಸರೀ ಒಂದ ಮೊಳ ಅಂತ ನಾನೂ ಹಿಗ್ಗಿದೆ, ಎರಡನೇ ಸರ್ತಿ ಕೇಳಲಿಲ್ಲ. ಆವತ್ತ ನಿಮ್ಮ ಕಡೆ ನಾ ಯಾಕ ನೋಡಲಿಲ್ಲ, ಗೊತ್ತೈತೇನ್ರಿ? ನೋಡಿದ್ರ ನಾನ ನಿಮ್ಮ ಬಾಯಿ ಬಿಡಿಸಿದಂಗ ಆಕ್ಕಿತ್ತು. ನೋಡಲಿಲ್ಲಂದ್ರೂ ನೀವ ಹೇಳ್ತೀರಿ ಅಂತ ನಿಂತಿದ್ದೆ.”

ಇಷ್ಟು ಹೇಳಿ ಮತ್ತೆ ಉಳಿಯನ್ನು ಕೈಗೆತ್ತಿಕೊಂಡರು. ಕಾಶವ್ವ ಕೂಡ್ರಿ ಎನ್ನಲಿಲ್ಲ.

ಇಪ್ಪತ್ತು ವರ್ಷ ಅವರು ಖಡಕಿಯಲ್ಲಿ ಇಂಚಿನ ಲೆಕ್ಕದ ಪೆಟ್ಟಿಗೆ ಮಾಡಿದರು. ಅವರದೊಂದು ಪೆಟ್ಟಿಗೆಯೂ ತಿರುಗಿ ಬಂದದ್ದಿಲ್ಲವಂತೆ. ಕಂಡಾಗಲೆಲ್ಲ “ಆರಾಮ ಅದೀರೇನ್ರಿ ಅಕ್ಕಾರ” ಎಂದು ಕೇಳುತ್ತಿದ್ದರು, ನಿಲ್ಲುತ್ತಿರಲಿಲ್ಲ. ದೇವರ ಕೆಲಸಕ್ಕೆ ಯಾರೂ ಅವರನ್ನು ಕರೆಯಲಿಲ್ಲ. ೧೯೩೯ರ ಮಾಘದಲ್ಲಿ ತೀರಿಕೊಂಡರು.

ಬಾಯಿಂದ ಹೇಳಿದ್ದನ್ನು ಜನ ನಂಬಲಿಲ್ಲ, ಅದಕ್ಕಾಗಿ ಬರೆದಿದ್ದೇನೆ. ನಾನು ಇಪ್ಪತ್ನಾಲ್ಕು ಅಂಗುಲ ಎಂದೆ. ಅವರು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಇಪ್ಪತ್ನಾಲ್ಕು ಅಂಗುಲವನ್ನೇ ಮಾಡಿದರು. ತಪ್ಪು ಓದಿದವಳು ನಾನು, ಕೇಳಿದಾಗ ಸುಮ್ಮನೆ ನಿಂತವಳೂ ನಾನು.